ನಾಲ್ಕನೇ ಉಡಿ

ಮದುವೆಯ ಮಾತನ್ನು ಹಿರಿಯರ ಕೈಲಿ ಹೇಳಿ ಕಳಿಸುವುದು ಪದ್ಧತಿ. ಬೆಳಿಗ್ಗೆ ರೊಟ್ಟಿಯ ಗಂಟು ಒಯ್ಯಲು ಬಂದವನು ಗೇಟಿನ ಹೊರಗೆ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ಕೈಯಲ್ಲೇ ಹಿಡಿದುಕೊಂಡು ಕೇಳುವ ಸಂಗತಿಯಲ್ಲ ಅದು. ರಾಯಾಪುರದ ಖಾನಾವಳಿಯ ಶಿವಯೋಗೀಶ ಹಾಗೇ ಕೇಳಿದ. ಬೆಂಗೇರಿಯ ರತ್ನವ್ವನಿಗೆ ಮೊದಲು ಸಿಟ್ಟು ಬಂದದ್ದು ಇದೇ ಕಾರಣಕ್ಕೆ. ಉಳಿದ ಕಾರಣಗಳು ಆಮೇಲೆ ಒಂದೊಂದಾಗಿ ಕೂಡಿಕೊಂಡವು.

"ಸೌಂದರ್ಯಾನ್ನ ಕೇಳೇನ್ರಿ. ಆಕಿ ಹೂಂ ಅಂದಾಳ. ಇನ್ನ ನೀವು ಹೂಂ ಅನಬೇಕು," ಎಂದ.

"ನಿಮ್ಮ ಕಡಿಂದ ಬಂದು ಮಾತಾಡಾವ್ರು ಯಾರೂ ಇಲ್ಲೇನು?"

"ಇದ್ದಿದ್ರ ಅವರನ್ನ ಕಳಸತಿದ್ದೆ."

ರತ್ನವ್ವ ಹಿಟ್ಟು ಮೆತ್ತಿದ ಕೈಯಲ್ಲಿ ಹಾಗೇ ನಿಂತಳು. ಒಳಗೆ ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಮಗಳು ಕಿವಿಗೊಟ್ಟು ಕೂತಿದ್ದಾಳೆಂದು ಅದರಿಂದಲೇ ತಿಳಿಯಿತು. ವಿಚಾರ ಮಾಡಿ ಹೇಳುತ್ತೇನೆ ಎಂದು ರತ್ನವ್ವ ಅವನನ್ನು ಸಾಗಹಾಕಿದಳು.

ಗಂಡ ತೀರಿಕೊಂಡ ಮೇಲೆ ರತ್ನವ್ವ ಹಿಡಿದದ್ದು ರೊಟ್ಟಿಯ ದಂಧೆ. ಹುಬ್ಬಳ್ಳಿಯ ನಾಲ್ಕಾರು ಖಾನಾವಳಿಗಳಿಗೆ ಅವಳ ಮನೆಯ ಖಡಕ್ ರೊಟ್ಟಿಯೇ ಬೇಕು. ಮೂವರು ಹೆಂಗಸರು, ಮೂರು ಕೆಲಸ. ರತ್ನವ್ವ ಕುದಿವ ನೀರು ಹಾಕಿ ಜೋಳದ ಹಿಟ್ಟು ನಾದುತ್ತಾಳೆ. ಮಗಳು ಸೌಂದರ್ಯಾ ಪಡಸಾಲೆಯಲ್ಲಿ ಕೂತು ಬಡಿಯುತ್ತಾಳೆ. ಪಕ್ಕದ ಮನೆಯ ಅಬೀದಾ ಹಿತ್ತಿಲ ಒಲೆಯ ಮುಂದೆ ಕೂತು ಬೇಯಿಸುತ್ತಾಳೆ. ಬಡಿದ ರೊಟ್ಟಿಯನ್ನು ಸೌಂದರ್ಯಾ ಒಲೆಯ ತನಕ ಒಯ್ಯುವುದಿಲ್ಲ. ಅಬೀದಾಳೇ ಎದ್ದು ಬಂದು ಎತ್ತಿಕೊಂಡು ಹೋಗುತ್ತಾಳೆ. ಇದರಿಂದ ಕೆಲಸ ತಡವಾಗುತ್ತದೆ, ಅಬೀದಾಳ ಮೊಣಕಾಲೂ ನೋಯುತ್ತದೆ. ಆದರೂ ಈ ಬಗ್ಗೆ ಆ ಮನೆಯಲ್ಲಿ ಯಾರೂ ಚಕಾರ ಎತ್ತುವುದಿಲ್ಲ.

ಸೌಂದರ್ಯಾ ಬಡಿಯುವುದು ಎಡಗೈಯಿಂದ. ಹಾಗಾಗಿ ಅವಳ ಕೈಯಲ್ಲಿ ರೊಟ್ಟಿ ಎಲ್ಲರದಕ್ಕಿಂತ ಉಲ್ಟಾ ತಿರುಗುತ್ತದೆ. ಬಲಗೈಯ ಅಂಗೈ ಸುಟ್ಟು ಮುದುಡಿದೆ, ಎರಡು ಬೆರಳು ಪೂರ್ತಿ ಬಿಚ್ಚುವುದಿಲ್ಲ. ಅವಳನ್ನು ಗದಗಿನ ಕಡೆಗೆ ಕೊಟ್ಟಿದ್ದರು. ಅಲ್ಲಿ ಒಂದು ಮಧ್ಯಾಹ್ನ ಊಟ ತಡವಾಯಿತೆಂದು ಗಂಡ ಅವಳ ಕೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಇದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ. ಆಮೇಲೆ ಸತ್ತೂರಿನ ಆಸ್ಪತ್ರೆ, ಆಮೇಲೆ ಕೋರ್ಟು, ಆಮೇಲೆ ಬಿಡುಗಡೆ. ಇದೆಲ್ಲ ಆಗಿ ಆರು ವರ್ಷ ಕಳೆದರೂ ಚಹಾ ಮಾಡಲು ಕೂಡ ಅವಳು ಒಲೆ ಹಚ್ಚಿಲ್ಲ.

ಶಿವಯೋಗೀಶ ಆ ಮನೆಗೆ ಬರಲು ಶುರುಮಾಡಿ ಎರಡು ವರ್ಷವಾಗಿರಬೇಕು. ಕೊರೋನಾದ ಎರಡನೇ ಅಲೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಕೊನೆಗೆ ಅವಳ ಮುಖ ನೋಡಲೂ ಅವನಿಗೆ ಸಿಕ್ಕಿರಲಿಲ್ಲ. ಖಾನಾವಳಿಗೆ ಬಹಳ ದಿನ ಕೀಲಿ ಜಡಿದಿದ್ದು ಮತ್ತೆ ತೆರೆದಿದ್ದ. ಊರಿಗೆಲ್ಲ ಉಣ್ಣಿಸುವ ಮನುಷ್ಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾನೆ ಎಂಬುದನ್ನು ಗುರುತಿಸಿದವಳು ಸೌಂದರ್ಯಾ. ಒಂದು ದಿನ ಮುರಿದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿ ಗೇಟಿನ ಮೇಲಿಟ್ಟು ಒಳಗೆ ಹೋದಳು. ಅವನು ನಿಂತೇ ತಿಂದ. ಕೆಲವು ತಿಂಗಳಾದ ಮೇಲೆ ಕಟ್ಟೆಯ ಮೇಲೆ ಕೂತು ತಿಂದ. ಹೆಲ್ಮೆಟ್ಟು ತೆಗೆಯುವಾಗ ಕೈ ಮೇಲೆತ್ತಿದರೆ ಅವಳು ಬೆಚ್ಚುತ್ತಾಳೆಂದು ಅವನಿಗೆ ಗೊತ್ತಾಗಿ, ಓಣಿಯ ತಿರುವಿನಲ್ಲೇ ಅದನ್ನು ತೆಗೆದು ಬರತೊಡಗಿದ. ಇಷ್ಟೇ ಆದದ್ದು. ಸಿನಿಮಾದಲ್ಲಿ ತೋರಿಸುವಂಥದ್ದು ಯಾವುದೂ ಆಗಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ರತ್ನವ್ವ ಮಗನ ಮುಂದೆ ವಿಷಯ ತೆಗೆದಳು. ಗುರುಬಸವ ಅಮರಗೋಳದ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ನೋಡುತ್ತಾನೆ. ಅಕ್ಕನಿಗಿಂತ ಆರು ವರ್ಷ ಚಿಕ್ಕವನು. ಅವನಿಗೆ ಅಣ್ಣಿಗೇರಿಯಿಂದ ಒಂದು ಸಂಬಂಧ ಬಂದಿತ್ತು. ಮನೆಯಲ್ಲಿರುವ ಅಕ್ಕ ಮುಂದೆಯೂ ಅಲ್ಲೇ ಇರುವವಳೋ ಎಂದು ಹುಡುಗಿಯ ತಾಯಿ ಎರಡು ಸಲ ಕೇಳಿದ್ದರು.

ಗುರುಬಸವ ಪುಂಡಿಪಲ್ಲೆಗೆ ರೊಟ್ಟಿ ಅದ್ದುತ್ತ, ಮನುಷ್ಯ ಒಳ್ಳೆಯವನು, ಕುಡಿಯುವುದಿಲ್ಲ, ನಮ್ಮ ಜಾತಿಯೇ, ಮಾಡಿಬಿಡೋಣ ಎಂದ. ಇಷ್ಟು ಬೇಗ ಒಪ್ಪುತ್ತಾನೆಂದು ರತ್ನವ್ವ ಎಣಿಸಿರಲಿಲ್ಲ.

"ಮಾಡೂದು ಖರೇ. ಆದ್ರ ಸುಮ್ಮನ ಆಗಬೇಕು," ಎಂದು ಸೇರಿಸಿದ.

"ಸುಮ್ಮನ ಅಂದ್ರ?" ಎಂದಳು ಸೌಂದರ್ಯಾ.

"ಸುಮ್ಮನ ಅಂದ್ರ ಸುಮ್ಮನಕ್ಕಾ. ಸಪ್ಪಳಿಲ್ಲದಂಗ."

ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಇಟ್ಟಳು. ರತ್ನವ್ವ ಮಾತ್ರ ಸರಿಯಾಗಿ ಉಣ್ಣಲಿಲ್ಲ. ಮಗಳಿಗೆ ಒಂದು ನೆಲೆಯಾಗಲೆಂದು ಅವಳಿಗೂ ಆಸೆಯಿತ್ತು. ಮಗಳು ಹೋದರೆ ರೊಟ್ಟಿ ಬಡಿಯುವವರು ಯಾರು ಎಂಬ ಚಿಂತೆಯೂ ಇತ್ತು. ಎರಡೂ ಒಟ್ಟಿಗೆ ಬಂದದ್ದಕ್ಕೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಮರುದಿನ ಶಿವಯೋಗೀಶ ಬಂದಾಗ, ನನ್ನ ಅಣ್ಣ ಬಂದು ಮಾತು ಮುಗಿಸಲಿ ಎಂದು ಅರ್ಧ ಒಪ್ಪಿಗೆ ಕೊಟ್ಟಳು.

ಅರ್ಧ ಒಪ್ಪಿಗೆಯನ್ನು ಅವನು ಪೂರ್ತಿ ಎಂದುಕೊಂಡ. ಮುಂದಿನ ವಾರ ಗೂಡ್ಸ್ ಆಟೋದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಹಿಂದೆ ಸ್ಕೂಟರಿನಲ್ಲಿ ಅವನೂ ಬಂದ. ಪೆಟ್ಟಿಗೆ ಬಿಚ್ಚಿದರೆ ಒಳಗೆ ರೊಟ್ಟಿ ಮಾಡುವ ಮಷಿನ್. ಒಂದು ಕಡೆ ಹಿಟ್ಟಿನ ಉಂಡೆ ಇಟ್ಟರೆ ಇನ್ನೊಂದು ಕಡೆ ಬೆಂದ ರೊಟ್ಟಿ ಬೀಳುತ್ತದಂತೆ. ಬಡಿಯುವುದೂ ಬೇಡ, ಬೆಂಕಿಯೂ ಬೇಡ. ಅವನ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ.

ಕೈರೊಟ್ಟಿಯ ಹೆಸರಿನಲ್ಲೇ ಬದುಕಿದ ಮನೆಗೆ ರೊಟ್ಟಿಯ ಮಷಿನ್ ಉಡುಗೊರೆ ತರುವ ಅಳಿಯ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ರತ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಅಬೀದಾ ಒಲೆ ಬಿಟ್ಟು ಎದ್ದು ಬಂದಳು. ಮಷಿನ್ ಬಂದರೆ ಮೊದಲು ಹೋಗುವುದು ತನ್ನ ಕೆಲಸ ಎಂದು ಅವಳಿಗೆ ಕೂಡಲೇ ಹೊಳೆದಿತ್ತು.

"ನನ್ನ ಮಗಳನ್ನ ಒಯ್ದು ಆಕಿ ಜಾಗಾದಾಗ ಈ ಡಬ್ಬಿ ಇಟ್ಟು ಹೋಗಾಂವ ಇದ್ದೀಯೇನಪಾ ನೀನು?" ಎಂದಳು ರತ್ನವ್ವ.

ಹಾಗಲ್ಲ, ಚಳಿಗಾಲದಲ್ಲಿ ಸೌಂದರ್ಯಾಳ ಕೈ ಸೆಟೆಯುವುದನ್ನು ನೋಡಿದ್ದೇನೆ, ಅದಕ್ಕೆ ತಂದೆ ಎಂದು ಅವನು ತಡವರಿಸಿದ. ಅಷ್ಟರಲ್ಲಿ ಸೌಂದರ್ಯಾ ಹೊರಗೆ ಬಂದಳು. ಅವಳ ಸಿಟ್ಟು ಅವ್ವನ ಸಿಟ್ಟಿನ ಹಾಗೆ ಏರುದನಿಯದಲ್ಲ.

"ಕೈ ನೋಯ್ತೈತಿ ಅಂತ ನಾ ನಿಮಗ ಹೇಳೇನೇನ್ರಿ?"

"ಇಲ್ಲ. ನಾನ ನೋಡೇನಿ."

"ನೋಡಿದ ಮ್ಯಾಲೆ ಕೇಳಬೇಕಿತ್ತು. ನನ್ನ ಕೈಗೆ ಏನು ಆಗಬೇಕು ಅಂತ ಹಿಂದ ಒಬ್ಬಾಂವ ತಾನ ಠರಾಯಿಸಿದ್ದ. ನೀವೂ ಹಂಗ ಮಾಡಬ್ಯಾಡ್ರಿ."

ಶಿವಯೋಗೀಶನ ಮುಖ ಬಿಳಿಚಿತು. ಹೇಳಿದ್ದು ಹೆಚ್ಚಾಯಿತೆಂದು ಅವಳಿಗೂ ಅನಿಸಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಆಟೋದವನನ್ನು ಕರೆದು ಪೆಟ್ಟಿಗೆಯನ್ನು ಮತ್ತೆ ಏರಿಸಿದ.

ಅದಾದ ಮೇಲೆ ಕೆಲವು ದಿನ ರೊಟ್ಟಿ ಒಯ್ಯಲು ಖಾನಾವಳಿಯ ಸಪ್ಲಾಯರ್ ಬಂದ. ಸೌಂದರ್ಯಾ ಮುರಿದ ರೊಟ್ಟಿಯ ತಾಟು ಹಚ್ಚಿ ಇಡುವುದು, ಮತ್ತೆ ಒಳಗೆ ಒಯ್ಯುವುದು ನಡೆದಿತ್ತು. ಅಬೀದಾ ನೋಡಿ ನೋಡಿ ನಕ್ಕಳು. ವಾರದ ಕೊನೆಗೆ ಅವನೇ ಬಂದ. ಗೇಟಿನ ಹೊರಗೇ ನಿಂತು, ತಪ್ಪಾಯಿತು, ಇನ್ನು ಮುಂದೆ ಕೇಳುತ್ತೇನೆ ಎಂದ. ಹೇಳಿದಂತೆ ಎಲ್ಲವನ್ನೂ ಕೇಳಲು ಶುರುಮಾಡಿದ. ಗೇಟು ತೆಗೀಲೇನ್ರಿ, ಕುಂದರಲೇನ್ರಿ, ಚಟ್ನಿ ಇನ್ನಷ್ಟು ಹಾಕ್ಕೊಳ್ಳಲೇನ್ರಿ. ನೀರು ಕುಡಿಯಲೂ ಅಪ್ಪಣೆ ಬೇಡಿದಾಗ ಸೌಂದರ್ಯಾ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳು ಹಾಗೆ ಬಾಯಿಬಿಟ್ಟು ನಕ್ಕದ್ದನ್ನು ರತ್ನವ್ವ ಕೇಳಿ ಎಷ್ಟೋ ವರ್ಷವಾಗಿತ್ತು. ನಾದುತ್ತಿದ್ದ ಕೈ ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಂದೇ ಅವನು ಇನ್ನೊಂದು ಮಾತು ಕೇಳಿದ. ಖಾನಾವಳಿಯಲ್ಲಿ ದಿನವೆಲ್ಲ ಒಲೆ ಉರಿಯುತ್ತದೆ, ಮನೆ ಅದರ ಮೇಲಿನ ಮಾಳಿಗೆಯಲ್ಲಿ, ನಿನಗೆ ಆಗುತ್ತದೆಯೇ? ಆಗದಿದ್ದರೆ ಬೇರೆ ಮನೆ ನೋಡೋಣ. ಸೌಂದರ್ಯಾ, ಮಾಳಿಗೆಗೆ ಹೊರಗಿನಿಂದ ಮೆಟ್ಟಿಲಿದ್ದರೆ ಆಗುತ್ತದೆ ಎಂದಳು. ಹೊರಗಿನಿಂದಲೇ ಇತ್ತು.

ಭಾನುವಾರ ರತ್ನವ್ವನ ಅಣ್ಣ ದ್ಯಾಮಣ್ಣ ಕುಂದಗೋಳ ಕಡೆಯ ಹಳ್ಳಿಯಿಂದ ಬಂದ. ತವರಿನ ಹಿರಿಯ, ಹತ್ತಿಯ ವ್ಯಾಪಾರ ಮಾಡಿದವನು, ಯಾವ ಮಾತನ್ನೂ ತೂಗಿ ಕೊಟ್ಟೆ ಎಂಬ ಗತ್ತು. ಉಂಡು, ಎಲೆ ಅಡಿಕೆ ಹಾಕಿಕೊಂಡು ತೀರ್ಪು ಕೊಟ್ಟ. ಹುಡುಗ ಬೇಷ್, ಆದರೆ ಇದು ಉಡಿಕಿ. ಗಂಡ ಸತ್ತವಳಿಗೆ, ಗಂಡನನ್ನು ಬಿಟ್ಟವಳಿಗೆ ಎರಡನೇ ಸಲ ಸೀರೆ ಉಡಿಸಿ ಕೂಡಿಸುವುದಕ್ಕೆ ಆ ಕಡೆಯವರು ಉಡಿಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ಗುಡಿಯಲ್ಲಿ ತಾಳಿ ಕಟ್ಟಿಸಿ, ಬೆಳಕು ಹರಿಯುವ ಮೊದಲೇ ಗಂಡನ ಮನೆಗೆ ಸಾಗಿಸುವುದು. ಮುತ್ತೈದೆಯರು ಅಂದು ಅವಳ ಮುಖ ನೋಡಬಾರದು. ನಮ್ಮೂರ ಗುಡಿಯಲ್ಲೇ ಮುಗಿಸೋಣ, ಬೆಂಗೇರಿಯಲ್ಲಿ ಯಾರಿಗೂ ಗೊತ್ತಾಗದು, ಅಣ್ಣಿಗೇರಿಯವರಿಗೂ ಆಮೇಲೆ ಹೇಳಿದರಾಯಿತು ಎಂದ. ಗುರುಬಸವ ತಲೆಯಾಡಿಸಿದ.

ರತ್ನವ್ವನಿಗೆ ತನ್ನ ಚಿಕ್ಕವ್ವನ ಉಡಿಕಿ ನೆನಪಾಯಿತು. ಆಗ ಅವಳು ಸಣ್ಣವಳು. ಹಿತ್ತಿಲ ಬಾಗಿಲಿನಿಂದ ಚಿಕ್ಕವ್ವನನ್ನು ಕರೆದೊಯ್ಯುವಾಗ ಮಕ್ಕಳನ್ನೆಲ್ಲ ಒಳಗೆ ಕೂಡಿಹಾಕಿದ್ದರು. ಆದರೂ ಅವಳು ಅಣ್ಣನ ಮಾತಿಗೆ ಆಗಲಿ ಎಂದಳು. ಎದುರು ಆಡಿ ಅವಳಿಗೆ ರೂಢಿಯಿರಲಿಲ್ಲ.

ಸೌಂದರ್ಯಾ ಮಾವನ ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದಳು. ಕಪ್ಪು ಕೆಳಗಿಟ್ಟು, ಹಾಗಾದರೆ ಈ ಮದುವೆ ಬೇಡ ಎಂದಳು. ಮದುವೆಯಾದರೆ ಇದೇ ಅಂಗಳದಲ್ಲಿ, ಹಗಲಿನಲ್ಲಿ, ಓಣಿಯವರನ್ನೆಲ್ಲ ಕರೆದು. ಇಲ್ಲದಿದ್ದರೆ ಈ ಜನ್ಮಕ್ಕೆ ರೊಟ್ಟಿ ಬಡಿದುಕೊಂಡು ಇರುತ್ತೇನೆ, ಗುರುಬಸವನಿಗೆ ಅಡ್ಡವಾದರೆ ಬೇರೆ ಖೋಲಿ ಹಿಡಿಯುತ್ತೇನೆ ಎಂದಳು.

"ಮಂದಿ ಏನಂದಾರು ಅಂತ ವಿಚಾರ ಮಾಡೀಯೇನು?" ಎಂದಳು ರತ್ನವ್ವ.

"ಸುಟ್ಟ ಕೈ ಹಿಡಕೊಂಡು ಈ ಓಣಿಯಾಗ ಹಾಡಹಗಲ ನಡಕೊಂತ ಬಂದೇನಿ ಅವ್ವಾ. ಎಲ್ಲಾರೂ ನೋಡ್ಯಾರ. ಅವತ್ತು ಯಾರೂ ನನಗ ಕತ್ತಲಾದ ಮ್ಯಾಲೆ ಬಾ ಅನ್ನಲಿಲ್ಲ. ಈಗ ಒಂದು ಛಲೋ ಕೆಲಸಕ್ಕ ಹೊಂಟ್ರ ಕತ್ತಲದಾಗ ಯಾಕ ಹೋಗ್ಲಿ?"

ದ್ಯಾಮಣ್ಣ ತಂಗಿಯ ಮುಖ ನೋಡಿದ, ಮಗಳಿಗೆ ಬುದ್ಧಿ ಹೇಳು ಎನ್ನುವ ಹಾಗೆ. ರತ್ನವ್ವ ಬಾಯಿ ತೆರೆಯುವ ಮೊದಲೇ ಸೌಂದರ್ಯಾ ಇನ್ನೊಂದು ಮಾತು ಹೇಳಿದಳು. ಅದನ್ನು ಹೇಳಬೇಕೆಂದು ಬಹುಶಃ ಅವಳೂ ಅಂದುಕೊಂಡಿರಲಿಲ್ಲ.

"ಮತ್ತ ಹೋಗೂ ಮುಂದ ನನಗ ಉಡಿ ತುಂಬಬ್ಯಾಡ. ಮೂರು ಸಲ ತುಂಬೀದಿ. ಸಾಕು."

ರತ್ನವ್ವ ಎದ್ದು ಅಡುಗೆಮನೆಗೆ ಹೋದಳು. ದ್ಯಾಮಣ್ಣ ಸಂಜೆಯ ಬಸ್ಸಿಗೆ ಕಾಯದೆ ಸಿಟ್ಟಿನಲ್ಲಿ ಹೊರಟ.

ಮೂರು ಸಲ ಎಂದದ್ದು ಸುಳ್ಳಲ್ಲ. ಮೊದಲನೆಯದು ಮದುವೆಯ ದಿನ. ಎರಡನೆಯದು, ಬೆನ್ನಿನ ಮೇಲೆ ಬಾಸುಂಡೆಯಿಟ್ಟುಕೊಂಡು ಮಗಳು ಮೊದಲ ಸಲ ತವರಿಗೆ ಬಂದಾಗ. ರತ್ನವ್ವ ಅವಳಿಗೆ ಎಣ್ಣೆ ಹಚ್ಚಿ ಎರೆದು, ಎಂಟು ದಿನ ಉಣ್ಣಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಹಾಕಿ ಕಳಿಸಿದ್ದಳು. ತವರಿನ ಉಡಿ ಕಟ್ಟಿಕೊಂಡು ಹೋದವಳ ಮೇಲೆ ಯಾರೂ ಕೈ ಎತ್ತಲಾರರು ಎಂದು ಅವಳು ಮನಸಾರೆ ನಂಬಿದ್ದಳು. ಮಗಳು ಮತ್ತೆ ಬಂದಾಗ, ಹಿಂದಿನ ಉಡಿಯಲ್ಲೇ ಏನೋ ಕಮ್ಮಿಯಾಗಿತ್ತೆಂದು ತಿಳಿದು ಈ ಸಲ ದೊಡ್ಡದು ತುಂಬಿದಳು. ಎರಡು ಗಿಟಕ ಕೊಬ್ಬರಿ, ಬೆಲ್ಲದಚ್ಚು, ಅತ್ತೆಗೆ ಇಳಕಲ್ ಕುಪ್ಪಸದ ಕಣ. ಆ ಉಡಿಯ ಕೊಬ್ಬರಿ ಮುಗಿಯುವ ಮೊದಲೇ ಮಗಳ ಕೈ ಸುಟ್ಟಿತ್ತು.

ಅಲ್ಲಿಂದ ಮೂರು ವಾರ ತಾಯಿ ಮಗಳು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಹಿಟ್ಟು, ನೀರು, ಗಂಟು, ಅಷ್ಟೇ. ರತ್ನವ್ವನ ಕೈಹದ ತಪ್ಪಿತು. ಹಿಟ್ಟು ಒಮ್ಮೆ ಬಿರುಸು, ಒಮ್ಮೆ ಮೆತ್ತಗೆ. ರೊಟ್ಟಿಯ ಅಂಚು ಸೀಳತೊಡಗಿತು. ಮುರಿದ ರೊಟ್ಟಿ ಎಷ್ಟೆಂದರೆ ಮನೆಯಲ್ಲಿ ಮೂರು ಹೊತ್ತೂ ಒಗ್ಗರಣೆ ರೊಟ್ಟಿಯೇ ಊಟವಾಯಿತು. ಗುರುಬಸವ ಒಂದು ದಿನ ತಾಟು ದೂಡಿದ. ಅಕ್ಕ ಹಟ ಬಿಟ್ಟಿದ್ದರೆ ಎಲ್ಲ ಮುಗಿದಿರುತ್ತಿತ್ತು, ಅಣ್ಣಿಗೇರಿಯವರಿಗೆ ನಾನು ಏನು ಹೇಳಲಿ ಎಂದು ಕೂಗಾಡಿದ. ಸೌಂದರ್ಯಾ ಅವನ ತಾಟಿನ ರೊಟ್ಟಿಯನ್ನು ತಾನೇ ತಿಂದು ಮುಗಿಸಿದಳು. ಶಿವಯೋಗೀಶ ಮಾತ್ರ ಎಂದಿನಂತೆ ಬಂದು ಕಟ್ಟೆಯ ಮೇಲೆ ಕೂತು ತಿಂದು ಹೋಗುತ್ತಿದ್ದ. ಹಗಲಾದರೆ ಹಗಲು, ಎಷ್ಟು ದಿನವಾದರೂ ಕಾಯುತ್ತೇನೆ ಎಂದು ಅವಳಿಗೆ ಹೇಳಿದ್ದ.

ಕೊನೆಗೆ ಬಾಯಿ ಬಿಟ್ಟವಳು ಅಬೀದಾ. ಸೌಂದರ್ಯಾ ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಸತ್ತೂರಿಗೆ ಹೋದ ದಿನ. ಇಬ್ಬರೇ ಕೂತು ಜೋಳ ಹಸನು ಮಾಡುತ್ತಿದ್ದರು. ರತ್ನವ್ವ ಮಗಳನ್ನು ದೂರುತ್ತಿದ್ದಳು. ಹೆತ್ತ ತಾಯಿಗೆ ಉಡಿ ತುಂಬಬೇಡ ಎನ್ನುವ ಮಗಳು ಎಲ್ಲಾದರೂ ಇದ್ದಾಳೆಯೇ, ನಾನೇನು ಬೇಕೆಂದು ಅವಳನ್ನು ಆ ನರಕಕ್ಕೆ ಕಳಿಸಿದೆನೇ, ಕೊನೆಗೆ ಒಳಗೆ ಕರೆದುಕೊಂಡವಳು ನಾನೇ ಅಲ್ಲವೇ ಎಂದು.

"ಅಕ್ಕಾ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು ಅಬೀದಾ. "ಆಕಿ ಕೈ ಸುಟ್ಟುಕೊಂಡು ಬಂದ ದಿನ ನಿಮ್ಮ ಮನಿಗೆ ಕೀಲಿ ಇತ್ತು. ನೀವು ರೊಟ್ಟಿ ಕೊಡಾಕ ಹೋಗಿದ್ರಿ."

ಅದು ರತ್ನವ್ವನಿಗೆ ಗೊತ್ತಿತ್ತು. ತಾನು ಬಂದಾಗ ಮಗಳು ಕಟ್ಟೆಯ ಮೇಲೆ ಕೂತಿದ್ದಳು, ಅಬೀದಾ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

"ನಾನು ನಮ್ಮ ಮನಿಯೊಳಗ ಬಾ, ಮಕ್ಕೊ ಅಂದೆ. ಬರಲಿಲ್ಲ. ದವಾಖಾನಿಗೆ ಹೋಗೂಣು ನಡಿ ಅಂದೆ. ಅದಕ್ಕೂ ಇಲ್ಲ. ಅವ್ವ ಬರಲಿ, ಈ ಸಲ ಒಳಗ ಕರಕೋತಾಳೋ, ಮತ್ತ ಉಡಿ ತುಂಬತಾಳೋ ನೋಡೂಣು ಅಂದ್ಲು. ಕೀಲಿ ಕಡೆ ಮುಖಾ ಮಾಡಿ ಕುಂತಿದ್ಲು, ಅಕ್ಕಾ. ಅಷ್ಟೊತ್ತೂ."

ರತ್ನವ್ವ ಮೊರವನ್ನು ಕೆಳಗಿಟ್ಟಳು. ಆರು ವರ್ಷ ಅವಳು ಒಂದು ಮಾತಿನಿಂದ ಸಮಾಧಾನ ಮಾಡಿಕೊಂಡು ಬಂದಿದ್ದಳು. ಏನೇ ಆಗಲಿ, ಮಗಳು ನೋವಾದಾಗ ತಾಯಿಯನ್ನು ನಂಬಿ ಓಡಿ ಬಂದಳು ಎಂದು. ನಂಬಿ ಬಂದಿರಲಿಲ್ಲ. ಅನುಮಾನದಿಂದಲೇ ಬಂದು, ಸುಟ್ಟ ಕೈ ಮಡಿಲಲ್ಲಿಟ್ಟುಕೊಂಡು, ಬಾಗಿಲು ತೆರೆಯುವುದೋ ಇಲ್ಲವೋ ಎಂದು ಕಾದಿದ್ದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಬೀದಾಳನ್ನು ಕೇಳಿದಳು. ಹೇಳಬೇಡ ಎಂದು ಸೌಂದರ್ಯಾಳೇ ಆಣೆ ಹಾಕಿಸಿಕೊಂಡಿದ್ದಳಂತೆ. ಅವ್ವನಿಗೆ ಬೇಜಾರಾದೀತು ಎಂದು.

ರತ್ನವ್ವ ಅಳುವುದನ್ನು ಅಬೀದಾ ಮೊದಲೂ ನೋಡಿದ್ದಳು; ಗಂಡ ಸತ್ತಾಗ, ಕೋರ್ಟಿನಿಂದ ಬಂದಾಗ. ಹೀಗೆ ಸದ್ದಿಲ್ಲದೆ ಅತ್ತದ್ದನ್ನು ನೋಡಿರಲಿಲ್ಲ. ಸಮಾಧಾನ ಮಾಡಲು ಹೋಗದೆ ಉಳಿದ ಜೋಳವನ್ನು ತಾನೇ ಹಸನು ಮಾಡಿದಳು.

ಮರುದಿನ ರತ್ನವ್ವ ರೊಟ್ಟಿಯ ಕೆಲಸಕ್ಕೆ ರಜೆ ಹಾಕಿದಳು. ಎಲ್ಲಿಗೆ ಎಂದು ಯಾರಿಗೂ ಹೇಳದೆ ಅಣ್ಣಿಗೇರಿಯ ಬಸ್ಸು ಹತ್ತಿದಳು. ಬೀಗರಾಗುವವರ ಮನೆಯ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಸುತ್ತು ಬಳಸದೆ ಮಾತಾಡಿದಳು. ನನ್ನ ಮಗಳ ಎರಡನೇ ಮದುವೆ, ನಮ್ಮ ಮನೆಯ ಅಂಗಳದಲ್ಲಿ, ಬರುವ ತಿಂಗಳು, ಮಧ್ಯಾಹ್ನಕ್ಕೆ ಅಕ್ಕಿಕಾಳಿನ ಮುಹೂರ್ತ. ಅವಳ ಕೈ ಹೇಗೆ ಸುಟ್ಟಿತೆಂದು ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳಿರಿ. ಕೇಳಿದ ಮೇಲೆ ನಮ್ಮ ಹುಡುಗ ಬೇಡವೆಂದರೆ ಈಗಲೇ ಹೇಳಿರಿ. ಹುಡುಗಿಯ ತಾಯಿ ಎದ್ದು ಚಹಾ ತಂದುಕೊಟ್ಟರು. ಆಮೇಲೆ, ನಾವು ಮನೆಯವರು ವಿಚಾರ ಮಾಡಿ ಹೇಳುತ್ತೇವೆ ಎಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ. ರತ್ನವ್ವ ಎದ್ದು ಬಂದಳು.

ಗುರುಬಸವನಿಗೆ ವಿಷಯ ತಿಳಿದಾಗ ಮನೆ ಹಾರಿಹೋಗುವಂತೆ ಕೂಗಿದ. ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದ.

"ಕೇಳಬೇಕಿತ್ತು ಖರೇ," ಎಂದು ರತ್ನವ್ವ ಒಪ್ಪಿಕೊಂಡಳು. "ಆದ್ರ ಮುಚ್ಚಿಟ್ಟು ಕಟಗೊಂಡ ಸಂಬಂಧ ನಿನಗ ಬ್ಯಾಡಪಾ. ನಿನ್ನ ಅಕ್ಕಗ ನಾನು ಹಂಗ ಕಟ್ಟಿದ್ದೆ. ಆ ಹುಡುಗ ಕುಡೀತಾನ ಅಂತ ಗೊತ್ತಿತ್ತು ನನಗ. ಲಗ್ನಾದ ಮ್ಯಾಲೆ ಸುಧಾರಿಸ್ತಾನ ಅಂತ ನಿಮ್ಮ ಮಾವ ಅಂದ, ನಾ ಕೇಳಿದೆ."

ಗುರುಬಸವನಿಗೆ ಇದು ಹೊಸ ಸುದ್ದಿ. ಸೌಂದರ್ಯಾಳಿಗೂ. ಅವಳು ಬಡಿಯುತ್ತಿದ್ದ ಕೈ ನಿಲ್ಲಿಸಿ ತಾಯಿಯನ್ನು ನೋಡಿದಳು. ಆ ರೊಟ್ಟಿ ಹರಿದಿತ್ತು. ಮತ್ತೆ ಉಂಡೆ ಮಾಡಿ ಮೊದಲಿನಿಂದ ಬಡಿದಳು.

ಮದುವೆಯ ಬೆಳಿಗ್ಗೆ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದವರು ಓಣಿಯ ಹೆಂಗಸರು. ಬರಲಾರೆವು ಎಂದವರು ಕೆಲವರಿದ್ದರು, ಕರೆಯದೆ ಬಂದವರೂ ಇದ್ದರು. ಶಾಮಿಯಾನ ಕಟ್ಟಿಸಿದವನು ಗುರುಬಸವ. ಮುಖ ಊದಿಸಿಕೊಂಡೇ ಕಟ್ಟಿಸಿದ, ಒಂದು ಮೂಲೆ ಜೋಲಾಗಿದೆ ಎಂದು ಕೆಲಸದವರಿಂದ ಎರಡು ಸಲ ಬಿಚ್ಚಿಸಿ ಕಟ್ಟಿಸಿದ. ವಾಲಗದವರನ್ನೂ ಅವನೇ ಕರೆತಂದ. ಯಾರೂ ಹೇಳಿರಲಿಲ್ಲ.

ಶಿವಯೋಗೀಶ ಹೊತ್ತಿಗೆ ಮುಂಚೆಯೇ ಬಂದು, ಅಡುಗೆಯವರಿಗೆ ಹೋಳಿಗೆಯ ಕಣಕ ಸರಿಬಂದಿಲ್ಲ ಎಂದು ಕಂಡು, ಬಾಸಿಂಗ ಕಟ್ಟಿಸಿಕೊಳ್ಳುವುದು ಬಿಟ್ಟು ಒಲೆಯ ಮುಂದೆ ಕೂತ. ಮದುಮಗನನ್ನು ಅಲ್ಲಿಂದ ಎಬ್ಬಿಸಿ ಕಳಿಸಬೇಕಾದರೆ ಅಬೀದಾ ಸಟ್ಟುಗ ತೋರಿಸಬೇಕಾಯಿತು. ಹೆಂಗಸರೆಲ್ಲ ನಕ್ಕರು. ಸೌಂದರ್ಯಾ ಒಳಗಿನ ಕೋಣೆಯಲ್ಲಿ ಹಸಿರು ಸೀರೆ ಉಡುತ್ತಿದ್ದಳು. ಬಳೆಗಾರ ಬಂದು ಎರಡೂ ಕೈಗೆ ಬಳೆ ತೊಡಿಸಿದ. ಬಲಗೈಯ ಬೆರಳು ಬಿಚ್ಚದೆ ತಡವಾಯಿತು, ಅವನು ಅವಸರ ಮಾಡಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಅಯ್ಯನವರು ಮಂತ್ರ ಹೇಳಿದರು, ಅಕ್ಕಿಕಾಳು ಬಿದ್ದವು. ದ್ಯಾಮಣ್ಣ ಬರುವುದಿಲ್ಲ ಎಂದು ಹೇಳಿಕಳಿಸಿದ್ದ. ಊಟದ ಎರಡನೇ ಪಂಕ್ತಿಗೆ ಸರಿಯಾಗಿ ಬಂದು, ಹೋಳಿಗೆಗೆ ತುಪ್ಪ ಕಮ್ಮಿಯಾಯಿತೆಂದು ದೂರಿ, ಮತ್ತೆರಡು ಹಾಕಿಸಿಕೊಂಡು ಉಂಡ. ಅಣ್ಣಿಗೇರಿಯಿಂದ ಹುಡುಗಿಯ ತಾಯಿ ಒಬ್ಬರೇ ಬಂದರು. ಮದುಮಗಳ ಕೈಗೆ ಕುಪ್ಪಸದ ಕಣ ಕೊಟ್ಟು, ಆ ಅಂಗೈಯನ್ನು ಒಂದು ಕ್ಷಣ ಹಿಡಿದು ನೋಡಿ ಬಿಟ್ಟರು. ಮುಂದಿನ ತಿಂಗಳು ಮಾತಿಗೆ ಬನ್ನಿರಿ ಎಂದು ರತ್ನವ್ವನಿಗೆ ಹೇಳಿ ಹೋದರು. ಗುರುಬಸವ ಅದನ್ನು ಕೇಳಿಸಿಕೊಂಡು, ಕೇಳಿಸದವನಂತೆ ಬಾಳೆ ಎಲೆ ಎತ್ತತೊಡಗಿದ.

ಹೊರಡುವ ಹೊತ್ತಾಯಿತು. ಓಣಿಯ ಮುತ್ತೈದೆಯರು ಕಟ್ಟೆಯ ಸುತ್ತ ನಿಂತಿದ್ದರು. ಉಡಿ ತುಂಬುವ ತಾಟು ಎಲ್ಲಿ ಎಂದು ಒಬ್ಬರು ಕೇಳಿದರು. ಅಬೀದಾ ರತ್ನವ್ವನ ಮುಖ ನೋಡಿದಳು. ತಾಟು ಒಳಗೆ ಸಿದ್ಧವಿತ್ತು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಎಲ್ಲ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ ದೇವರ ಜಗಲಿಯ ಮುಂದೆ ಇಟ್ಟಿದ್ದಳು. ಮಗಳು ಬೇಡ ಎಂದಿದ್ದಳು. ಅದಕ್ಕೇ ಹೊರಗೆ ತಂದಿರಲಿಲ್ಲ.

ರತ್ನವ್ವ ಖಾಲಿ ಕೈಯಲ್ಲಿ ಮಗಳ ಎದುರು ಬಂದು ನಿಂತಳು. ಸೊಂಟದ ಚೀಲದಿಂದ ಒಂದು ಕೀಲಿಕೈ ತೆಗೆದಳು. ಹೊಸದು, ಹಿಂದಿನ ದಿನ ದುರ್ಗದಬೈಲಿನಲ್ಲಿ ಮಾಡಿಸಿ ತಂದದ್ದು.

"ಉಡಿ ತುಂಬೂದಿಲ್ಲ. ಇದೊಂದು ಇಟ್ಕೋ," ಎಂದಳು. "ಈ ಬಾಗಲದ್ದು. ನಾ ಮನ್ಯಾಗ ಇರಲಿ, ಬಿಡಲಿ, ನಿನಗ ಬರಬೇಕು ಅನಿಸಿದ್ರ ತಗದು ಒಳಗ ಬಾ. ಕಟ್ಟಿ ಮ್ಯಾಲೆ ಕುಂದರಬ್ಯಾಡ."

ಸೌಂದರ್ಯಾ ಮೊದಲು ಕೀಲಿಕೈ ನೋಡಿದಳು, ಆಮೇಲೆ ಅಬೀದಾಳನ್ನು ನೋಡಿದಳು. ಅಬೀದಾ ನೆಲ ನೋಡುತ್ತಿದ್ದಳು. ವಾಲಗದವರು ಏನಾಯಿತೆಂದು ತಿಳಿಯದೆ ಊದುವುದನ್ನು ನಿಲ್ಲಿಸಿದರು. ಶಿವಯೋಗೀಶ ಸ್ವಲ್ಪ ದೂರದಲ್ಲಿ ನಿಂತಿದ್ದವನು ಹತ್ತಿರ ಬರಲಿಲ್ಲ, ಬರಬಹುದೇ ಎಂದು ಕೇಳಲೂ ಇಲ್ಲ.

ಸೌಂದರ್ಯಾ ಹಸಿರು ಸೀರೆಯ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಿಂದ ಅಗಲ ಮಾಡಿ ಹಿಡಿದಳು. ಬಲಗೈಯ ಮಡಚಿದ ಬೆರಳಿಗೆ ಅಂಚು ಜಾರುತ್ತಿತ್ತು, ಬಿಡದೆ ಮತ್ತೆ ಹಿಡಿದಳು. ರತ್ನವ್ವ ಕೀಲಿಕೈಯನ್ನು ಅದರೊಳಗೆ ಇಟ್ಟಳು.

"ಅಕ್ಕೀನೂ ತಗೊಂಡು ಬಾ ಅವ್ವಾ," ಎಂದಳು ಸೌಂದರ್ಯಾ. "ಬರೇ ಕೀಲಿಕೈ ಹೊತಗೊಂಡು ಹೋಗ್ಲೇನು?"

ರತ್ನವ್ವ ತಾಟು ತರಲು ಒಳಗೆ ಹೋದಳು. ಅವಳು ಬರುವ ತನಕ ಮಗಳು ಸೆರಗು ಹಿಡಿದುಕೊಂಡು ಹಾಗೇ ನಿಂತಿದ್ದಳು.